ಗುರುತು ಬಿಡದವರ ಡೇರೆ

ನಾನು ಒಂದು ಡೇರೆ. ಟೆಂಟು ಎಂದು ಕರೆದರೂ ಓಗೊಡುತ್ತೇನೆ, ಅಷ್ಟೇನೂ ಬಿಗುಮಾನವಿಲ್ಲ. ಮಂಗಳೂರಿನ ಬಂದರಿನ ಬಳಿ ಒಂದು ಅಂಗಡಿಯ ಹಿಂಬದಿಯಲ್ಲಿ ಹಸನಬ್ಬ ಎಂಬ ಮುದಿ ದರ್ಜಿ ನನ್ನನ್ನು ಹೊಲಿದ. ಅವನು ಮೊದಲು ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದವನು. ದೋಣಿಗಳಿಗೆ ಯಂತ್ರ ಬಂದ ಮೇಲೆ ಹಾಯಿ ಕೇಳುವವರಿಲ್ಲದೆ ಡೇರೆಗೆ ಇಳಿದಿದ್ದ. ಹುಟ್ಟಿದಾಗ ನಾನು ಹಸಿರು ಬಣ್ಣದವನು. ಈಗ ಯಾವ ಬಣ್ಣ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ನನ್ನ ಮೊದಲ ಧಣಿಗಳು ಮೋಜಣಿಯವರು. ಊರೂರು ಸುತ್ತಿ ಜಮೀನು ಅಳೆಯುವುದು ಅವರ ಕೆಲಸ. ಸೊಳ್ಳೆಗೆ ಬೈಯುತ್ತಿದ್ದರು, ಬೂಟು ಕಳಚದೆ ಒಳಗೆ ಬರುತ್ತಿದ್ದರು, ಬೆಳಗಾದರೆ ನನ್ನನ್ನು ಒದ್ದು ಮಡಚುತ್ತಿದ್ದರು. ಎಂಟು ವರ್ಷದ ಮೇಲೆ ನನ್ನನ್ನು ಗೋದಾಮಿಗೆ ಎಸೆದರು. ಅಲ್ಲಿ ಇಲಿಗಳ ಸಹವಾಸ. ಆಮೇಲೆ ಹರಾಜಿನಲ್ಲಿ ಒಬ್ಬ ಕಡ್ಡಿಯಂಥ ಮನುಷ್ಯ ನನ್ನನ್ನು ಕೊಂಡು, ತಾನೇ ಹೆಗಲ ಮೇಲೆ ಹೊತ್ತು ಬಸ್ ಹತ್ತಿಸಿದ. ಕುಂದಾಪುರದ ಕಡೆಯ ಒಂದು ಶಾಲೆಯ ಡ್ರಿಲ್ ಮಾಷ್ಟ್ರು, ಮಂಜಯ್ಯ ಶೆಟ್ಟರು. ಅಲ್ಲಿಂದ ಮುಂದೆ ನನ್ನ ಬಾಳು ಬಾಳಾಯಿತು.

ಆ ಊರಿನ ಹೊಳೆ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ನಡುವೆ ಒಂದು ಪುಟ್ಟ ನಡುಗಡ್ಡೆ, ಹೊನ್ನೆಕುದ್ರು. ಆ ಕಡೆ ನಡುಗಡ್ಡೆಗೆ ಕುದ್ರು ಎನ್ನುತ್ತಾರೆ. ಮನೆಯಿಲ್ಲ, ಮಠವಿಲ್ಲ. ಏಳು ಹೊನ್ನೆಮರ, ಸ್ವಲ್ಪ ಹುಲ್ಲು, ಒಂದಂಗಳದಷ್ಟು ಮರಳು, ಅಷ್ಟೇ. ಅಲ್ಲಿ ಮಾಷ್ಟ್ರು ಪ್ರತಿವರ್ಷ ಬೇಸಿಗೆ ರಜೆಯಲ್ಲಿ ಹನ್ನೆರಡು ದಿನ ಮಕ್ಕಳ ಶಿಬಿರ ನಡೆಸುತ್ತಿದ್ದರು. ಹೆಂಚಿನ ಕಾರ್ಖಾನೆಯವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಮೀನು ಮಾರುವವರ ಮಕ್ಕಳು. ರಜೆಗೆಂದು ಬೇರೆಲ್ಲಿಗೂ ಹೋಗಲಾರದವರು. ದೋಣಿ ನಡೆಸುವುದು, ಗಂಜಿ ಬೇಯಿಸುವುದು ಎರಡೂ ಗಿರಿಜಕ್ಕನದು. ಮೀನು ಹಿಡಿಯುವ ಮೊಗವೀರರ ಹೆಂಗಸು, ಅವಳು ಬಾಯಿ ತೆರೆದರೆ ಆಚೆ ದಡದವರೆಗೂ ಕೇಳುತ್ತಿತ್ತು.

ಮಕ್ಕಳು ಈಜು ಕಲಿತರು, ಹುಟ್ಟು ಹಾಕಲು ಕಲಿತರು, ಮರಳಿನಲ್ಲಿ ಮರುವಾಯಿ ಚಿಪ್ಪು ಆರಿಸಿ ಸುಟ್ಟು ತಿಂದರು. ಮಧ್ಯಾಹ್ನದ ಬಿಸಿಲಿಗೆ ನಲವತ್ತು ಜನ ನನ್ನೊಳಗೆ ಹಂದಿಮರಿಗಳ ಹಾಗೆ ಒತ್ತಿಕೊಂಡು ಮಲಗುತ್ತಿದ್ದರು. ಆ ಬೆವರಿನ ವಾಸನೆ ಎಷ್ಟು ಚೆಂದ ಅಂತೀರಿ! ಮನೆಯಲ್ಲಿ ದಿನಾ ಪೆಟ್ಟು ತಿನ್ನುವ ಮಗುವೂ ಅಲ್ಲಿ ಗೊರಕೆ ಹೊಡೆಯುತ್ತಿತ್ತು.

ಶಿಬಿರಕ್ಕೆ ಒಂದು ಕ್ರಮವಿತ್ತು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. "ಕುದ್ರು ಹೊಳಿದ್ದ್. ನಾವ್ ನೆಂಟ್ರ್. ನಾವ್ ಬಂದದ್ದ್ ಅದ್ಕ್ ಗೊತ್ತಾಪುಕಾಗ" ಎನ್ನುತ್ತಿದ್ದರು ಮಾಷ್ಟ್ರು, ಬಂದ ಗುರುತೇ ಉಳಿಯಬಾರದೆಂದು. ಕೊನೆಯ ದಿನ ಮಕ್ಕಳು ಸಾಲಾಗಿ ನಿಂತು ಬೆಂಕಿಕಡ್ಡಿ, ದಾರದ ಚೂರು ಕೂಡ ಬಿಡದೆ ಆರಿಸುತ್ತಿದ್ದರು. ನನ್ನ ಗೂಟ ಕಿತ್ತ ಕುಳಿಗಳಿಗೆ ಮರಳು ತುಂಬುತ್ತಿದ್ದರು. ಒಲೆಯ ಕಲ್ಲುಗಳು ಹೊಳೆಗೆ, ಬೂದಿ ಚೀಲಕ್ಕೆ. ಎಲ್ಲರೂ ದೋಣಿ ಹತ್ತಿದ ಮೇಲೆ ಮಾಷ್ಟ್ರು ಕಡ್ಡಿಹಿಡಿ ಪೊರಕೆ ತೆಗೆದುಕೊಂಡು, ಹಿಂದುಹಿಂದಕ್ಕೆ ನಡೆಯುತ್ತಾ ತಮ್ಮದೇ ಹೆಜ್ಜೆಗಳನ್ನು ಗುಡಿಸುತ್ತಾ ಬಂದು ನೀರಿಗಿಳಿಯುತ್ತಿದ್ದರು. ನೋಡುವವರಿಗೆ ನಗು. ಅವರಿಗೆ ಮಾತ್ರ ಅದು ಪೂಜೆ.

ಹೀಗೆ ಮೂವತ್ತೊಂದು ವರ್ಷ ಕಳೆಯಿತು. ಮಾಷ್ಟ್ರು ನಿವೃತ್ತರಾದರೂ ಶಿಬಿರ ನಿಲ್ಲಲಿಲ್ಲ.

ಆಮೇಲೆ ಬಂತು ರೆಸಾರ್ಟು. ಕುದ್ರು ಸರ್ಕಾರಿ ಜಾಗ. ಯಾವುದೋ ಕಂಪನಿಯವರು ಅದನ್ನು ಗುತ್ತಿಗೆಗೆ ಕೇಳಿದರು. ಇದು ಯಾರೂ ಬಳಸದ ಪಾಳು ದಿಬ್ಬ ಎಂದು ಅರ್ಜಿಯಲ್ಲಿ ಬರೆದರು. ಪಾಳಂತೆ! ಊರವರು ಸಹಿ ಹಾಕಿ ತಕರಾರು ಕೊಟ್ಟರು. ಕೊನೆಗೆ ಒಬ್ಬ ಅಧಿಕಾರಿ ಖುದ್ದಾಗಿ ಬಂದು ನೋಡುವುದು, ಜನ ಬಳಸುವ ಜಾಗವೆಂದು ಕಂಡರೆ ಗುತ್ತಿಗೆ ಇಲ್ಲ ಎಂದು ತೀರ್ಮಾನವಾಯಿತು. ಅವರು ಬರುವ ದಿನ ಗೊತ್ತಾಯಿತು. ನಮ್ಮ ಶಿಬಿರದ ಆರನೆಯ ದಿನ.

ನೋಡಿ, ನಾನು ನಿಂತಿದ್ದೆ. ಒಲೆ ಉರಿಯುತ್ತಿತ್ತು. ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ನಲವತ್ತು ಚಡ್ಡಿ ಒಣಗುತ್ತಿದ್ದವು. ಅಧಿಕಾರಿ ಬಂದು ಕಣ್ಣು ಬಿಟ್ಟರೆ ಸಾಕಿತ್ತು.

ಆದರೆ ಐದನೆಯ ದಿನ ಬೆಳಿಗ್ಗೆ ಗಿರಿಜಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಾಷ್ಟ್ರೆ, ಆಫೀಸ್ರ್ ಬಪ್ಪತಿಗೆ ಈ ಬೂದಿ, ಈ ಚಡ್ಡಿ ಕಂಡ್ರೆ ಎಂತ ಹೇಳುಕು? ಕುದ್ರು ಹಾಳ್ ಮಾಡುದ್ ನಾವೇ ಅಂತ್ರ್!"

"ಹೌದ್ ಮಾರಾಯ್ತಿ. ದೊಡ್ಡೋರ್ ಬತ್ತ್ರ್. ಕುದ್ರು ಹ್ಯಾಂಗಿತ್ತೋ ಹಾಂಗೇ ಕಾಣ್ಕ್ ಅವ್ರಿಗೆ" ಎಂದರು ಮಾಷ್ಟ್ರು. ಎರಡು ದಿನ ಬಿಟ್ಟು ಮತ್ತೆ ಬನ್ನಿ ಎಂದು ಮಕ್ಕಳನ್ನು ಮನೆಗೆ ಕಳಿಸಿದರು.

ನಾನು ಜಾಣನೆಂದು ಹೇಳಿಕೊಳ್ಳುವುದಿಲ್ಲ. ನನಗೂ ಆಗ ಹೊಳೆಯಲಿಲ್ಲ. ದೊಡ್ಡವರು ಬರುತ್ತಾರೆಂದು ಗಿರಿಜಕ್ಕ ನನ್ನನ್ನು ಹೊಳೆಯಲ್ಲಿ ತಿಕ್ಕಿ ತೊಳೆದಾಗ ಹಿಗ್ಗಿಹೋದೆ. ಇಡೀ ದಿನ ಗುಡಿಸಿದರು. ಮೂವತ್ತೊಂದು ವರ್ಷಗಳಲ್ಲಿ ಕುದ್ರು ಅಷ್ಟು ಚೊಕ್ಕಟವಾಗಿ ಇದ್ದದ್ದೇ ಇಲ್ಲ.

ಮರುದಿನ ಹನ್ನೊಂದು ಗಂಟೆಗೆ ಅಧಿಕಾರಿ ಬಂದರು. ಬಯಲುಸೀಮೆ ಕಡೆಯವರು, ಮೆತ್ತಗಿನ ಮಾತು. ಜೊತೆಗೆ ಕಂಪನಿಯ ಒಬ್ಬ ತರುಣ. "ಹಲ್ಗಿ ಒದ್ದಿ ಇತ್ತ್ ಸರ್, ಇದ್ರ ಮೇಲ್ ಕೂಕಣಿ" ಎಂದು ಗಿರಿಜಕ್ಕ ದೋಣಿಯಲ್ಲಿ ಮಡಚಿಟ್ಟಿದ್ದ ನನ್ನನ್ನು ತೋರಿಸಿದಳು. ಅಧಿಕಾರಿ ನನ್ನ ಮೇಲೆಯೇ ಕೂತು ಹೊಳೆ ದಾಟಿದರು.

ದೋಣಿಯಲ್ಲಿ ಬಿದ್ದುಕೊಂಡೇ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

"ಶಿಬಿರ ಎಲ್ಲಿ ನಡೆಯುತ್ತೆ ಮೇಷ್ಟ್ರೇ?"

"ಇಲ್ಲೇ ಸರ್, ಈ ಹೊಯ್ಗಿ ಮೇಲೆ" ಎಂದು ಮಾಷ್ಟ್ರು ಮರಳು ತೋರಿಸಿದರು.

"ಗೂಟ ನೆಟ್ಟ ಗುರುತು?"

"ಮುಚ್ಚುದ್ ಸರ್. ನಾವ್ ಎಂತದೂ ಬಿಡುದಿಲ್ಲೆ. ಅದೇ ನಮ್ ಕ್ರಮ." ಆ ದನಿಯಲ್ಲಿ ಎಂಥ ಹೆಮ್ಮೆ!

"ಒಲೆ?"

"ಕಲ್ಲ್ ಹೊಳಿಗ್ ಹಾಕುದ್ ಸರ್."

"ಮಕ್ಕಳು ಓಡಾಡಿದ ದಾರಿ?"

"ಗುಡ್ಸಿಯಾಯ್ತ್" ಎಂದಳು ಗಿರಿಜಕ್ಕ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾಷ್ಟ್ರು ಜೇಬಿನಿಂದ ಫೋಟೋಗಳನ್ನು ತೆಗೆದರು. "ಮಕ್ಕಳಿದ್ದಾರೆ, ನೀರಿದೆ. ಇದೇ ಕುದ್ರು ಅಂತ ಹೇಗೆ ಹೇಳೋದು?" ಎಂದರು ಅಧಿಕಾರಿ. ಮಾಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ದೋಣಿಗೆ ಓಡಿಬಂದರು. ನನ್ನನ್ನು ಎಳೆದು, ಎಡವಿ, ಮೊಣಕಾಲು ತರಚಿಕೊಂಡು ದಡಕ್ಕೆ ತಂದರು. "ಇದ್ ಕಾಣಿ ಸರ್! ನಿನ್ನೆ ತನಕ ಇಲ್ಲೇ ನಿಂತಿದ್ದಿತ್!"

"ದೋಣಿಯಲ್ಲಿ ಬಂದ ಡೇರೆ, ದೋಣಿಯಲ್ಲೇ ಇದೆ" ಎಂದು ತರುಣ ನಕ್ಕ.

ಬಾಯಿದ್ದಿದ್ದರೆ ಕಿರುಚುತ್ತಿದ್ದೆ. ಮಕ್ಕಳ ಬೆವರು ಮೂಸಿ ನೋಡಿ, ಹೊಗೆ ಮೂಸಿ ನೋಡಿ ಎನ್ನುತ್ತಿದ್ದೆ. ಆದರೆ ತಿಕ್ಕಿ ತೊಳೆದ ನನ್ನ ಮೈಯಲ್ಲಿ ಅದೂ ಉಳಿದಿರಲಿಲ್ಲ. ನಾನು ಬರೀ ಬಟ್ಟೆಯಾಗಿ ಮರಳಿನ ಮೇಲೆ ಬಿದ್ದಿದ್ದೆ.

"ನಿಮ್ಮನ್ನ ನಂಬಲ್ಲ ಅಂತಲ್ಲ ಮೇಷ್ಟ್ರೇ" ಎಂದರು ಅಧಿಕಾರಿ. "ನಾನು ಕಂಡದ್ದನ್ನೇ ಬರೀಬೇಕು."

ಕಂಡದ್ದನ್ನೇ ಬರೆದರು. ಎರಡು ತಿಂಗಳಿಗೆ ಕಾಗದ ಬಂತು. ಜನಬಳಕೆಯ ಯಾವ ಕುರುಹೂ ಕಂಡುಬಂದಿಲ್ಲ ಎಂದಿತ್ತು. ಮಾಷ್ಟ್ರು ಅದನ್ನು ಶಾಲೆಯ ಜಗಲಿಯಲ್ಲಿ ಎರಡು ಸಲ ಓದಿದರು. "ಸುಳ್ಳೆಂತ ಬರೀಲಿಲ್ಲೆ" ಎಂದರು. ಗಿರಿಜಕ್ಕ ಎದೆ ಎದೆ ಬಡಿದುಕೊಂಡಳು. "ಈ ಕೈ ಕಡ್ದ್ ಹಾಕ್ಕ್ ಮಾಷ್ಟ್ರೆ! ಯಾರ್ ಗುಡ್ಸುಕ್ ಹೇಳಿದ್ರ್ ನಂಗೆ!"

ಆಮೇಲೆ ಮನವಿ, ಮತ್ತೊಂದು ಮನವಿ, ಕಚೇರಿಯ ಬೆಂಚು. ನಾಳೆ ಬನ್ನಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಅಷ್ಟರಲ್ಲಿ ಕುದ್ರುವಿನ ಸುತ್ತ ಬೇಲಿ ಬಂತು. ಮುಂದಿನ ಬೇಸಿಗೆಯಲ್ಲಿ ಮಕ್ಕಳು ಮಾಷ್ಟ್ರ ಮನೆಯೆದುರು ಬಂದು ನಿಂತು, ಅವರ ಮುಖ ನೋಡಿ, ಏನೂ ಕೇಳದೆ ಹೋದರಂತೆ. ನಾನು ಶಾಲೆಯ ಉಗ್ರಾಣದಲ್ಲಿ ಬಿದ್ದಿದ್ದೆ. ಹೊಸ ಹೆಡ್‌ಮಾಸ್ತರರು ಉಗ್ರಾಣ ಖಾಲಿ ಮಾಡಿಸಿದಾಗ ಗುಜರಿಯವನ ಪಾಲಾದೆ. ಗುಜರಿಯಿಂದ ನನ್ನನ್ನು ಒಬ್ಬ ಕಂಟ್ರಾಕ್ಟರ್ ಒಯ್ದ. ಮತ್ತೆ ದೋಣಿ, ಮತ್ತೆ ಹೊಳೆ. ಬಿಚ್ಚಿದಾಗ ನೋಡುತ್ತೇನೆ, ಹೊನ್ನೆಕುದ್ರು! ಒಂದು ಗಳಿಗೆ ಹುಚ್ಚು ಸಂತೋಷವಾಯಿತು ಕಣ್ರೀ. ಆಮೇಲೆ ನನ್ನನ್ನು ಇನ್ನೂರು ಸಿಮೆಂಟ್ ಚೀಲಗಳ ಮೇಲೆ ಹೊದಿಸಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಾಷ್ಟ್ರು ಬಂದರು. ಗಿರಿಜಕ್ಕನೇ ಕರೆತಂದಿದ್ದಳು. ಕಾವಲಿನವನು ಉದಯ. ಹಿಂದೆ ಶಿಬಿರಕ್ಕೆ ಬರುತ್ತಿದ್ದವನೇ, ಈಗ ಎರಡು ಮಕ್ಕಳ ತಂದೆ. "ಒಳಗ್ ಬಿಡುಕಾಗ ಅಂದಿದ್ರ್ ಮಾಷ್ಟ್ರೆ" ಎಂದು ತಲೆ ತಗ್ಗಿಸಿದ. "ಬೇಗ ಕಂಡ್ಕಂಡ್ ಹೋಯ್ನಿ." ಅಷ್ಟು ಹೇಳಿ, ಆಚೆ ಬದಿಯಲ್ಲಿ ಹಲಗೆಗಳನ್ನು ಒಳಗಿಡಲು ಓಡಿದ.

ಮೂರು ಹೊನ್ನೆಮರ ಉಳಿದಿದ್ದವು. ಮಾಷ್ಟ್ರು ಅವನ್ನು ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕಂಡರು. ಬಂದು ಅಂಗೈಯಿಟ್ಟರು.

ಗಾಳಿ ಎದ್ದಿತು. ನನ್ನ ಒಂದು ಬದಿಯ ಹಗ್ಗ ಕಳಚಿ, ಸಿಮೆಂಟ್ ಚೀಲಗಳು ಮುಗಿಲಿಗೆ ತೆರೆದು ನಿಂತವು. ದೊಡ್ಡ ದೊಡ್ಡ ಹನಿ ಉದುರತೊಡಗಿತು. "ಬಿಡಿ ಮಾಷ್ಟ್ರೆ, ಒದ್ದಿ ಆಯ್ಲಿ!" ಎಂದು ಗಿರಿಜಕ್ಕ ಕೂಗಿದಳು. "ಅಷ್ಟೂ ಕಲ್ಲಾಯಿ ಹೋಯ್ಲಿ!" ನಾನೂ ಅದನ್ನೇ ಕೂಗಿದೆ. ನನ್ನ ಕೂಗು ಯಾರಿಗೆ ಕೇಳುತ್ತದೆ?

"ಉದಯನ ಕೆಲ್ಸ ಹೋತ್ತ್ ಗಿರ್ಜ" ಎಂದರು ಮಾಷ್ಟ್ರು. ಮಂಡಿಯೂರಿ ಕೂತು ಹಗ್ಗ ಹಿಡಿದು ಎಳೆದರು. ಬಿಗಿಯಾಗಿ ಗಂಟು ಹಾಕಿದರು, ಒಂದರ ಮೇಲೊಂದು ಮೂರು.

ಅವರನ್ನು ಒಳ್ಳೆಯವರು ಎನ್ನಲೋ, ಇಂಥ ಒಳ್ಳೆಯತನಕ್ಕೇ ಕುದ್ರು ಕಳೆದುಕೊಂಡವರು ಎನ್ನಲೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವರ ದೋಣಿ ದಡ ಸೇರುವ ಮೊದಲೇ ಮಳೆ ಜಡಿಯಿತು. ಮೂರು ದಿನ ಬಿಡಲಿಲ್ಲ. ಎಲ್ಲಾದರೂ ಒಂದು ಕಡೆ ಹರಿದುಹೋಗಲೆಂದು ನಾನು ಬೇಡಿಕೊಂಡೆ. ಹರಿಯಲಿಲ್ಲ. ಒಂದು ಚೀಲವೂ ಒದ್ದೆಯಾಗಲಿಲ್ಲ.