ವ್ಯಾಕುಲ ಮಾತೆಗೆ ಕೊಟ್ಟ ಮುಡಿ

ಪವಿತ್ರ ಗುರುವಾರ ಮಧ್ಯಾಹ್ನ ಅಲ್ಕಾಬೆರದ ಇಗರ್ಜಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿತ್ತು. ವ್ಯಾಕುಲ ಮಾತೆಯ ಮರದ ವಿಗ್ರಹದ ಉಡುಪು ಬದಲಿಸುವ ಹೊತ್ತಿನಲ್ಲಿ ಗಂಡಸಿನ ನೆರಳೂ ಅಲ್ಲಿ ಸುಳಿಯುವಂತಿಲ್ಲ. ಪಾದ್ರಿಯೇ ಬಂದರೂ ಹೊರಗೆ ನಿಂತು ಕೆಮ್ಮಬೇಕು. ಫುವೆನ್ಸಾಂತಳ ಮನೆತನದ ಹೆಂಗಸರು ನಾಲ್ಕು ತಲೆಮಾರಿನಿಂದ ತಾಯಿಗೆ ಉಡಿಸುತ್ತ ಬಂದವರು. ಆ ಜಂಬ ಅವಳಿಗಿತ್ತು, ಇದ್ದರೆ ತಪ್ಪೇನು? ಆದರೆ ಈ ಸಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದ ಅವಳ ಜೀವವೆಲ್ಲ ಮನೆಯಲ್ಲಿತ್ತು. ಹತ್ತೊಂಬತ್ತರ ಮಗಳು ಅರಾಸೆಲಿ ಬೂದಿ ಬುಧವಾರ ಜ್ವರದಲ್ಲಿ ಮಲಗಿದವಳು ಆರು ವಾರವಾದರೂ ಎದ್ದಿರಲಿಲ್ಲ. ಡಾಕ್ಟರುಗಳು ಕೈಚೆಲ್ಲಿದ್ದರು.

ಉಳಿದದ್ದು ಒಂದೇ ದಾರಿ. ಸಾಯುವ ಸ್ಥಿತಿಯಲ್ಲಿರುವವರ ಮನೆ ಮುಂದೆ ಆ ಸಂಜೆ ತಾಯಿಯ ಮೆರವಣಿಗೆ ನಿಲ್ಲುತ್ತದೆ, ಪಲ್ಲಕ್ಕಿ ತಿರುಗಿಸಿ ತಾಯಿಯ ಮುಖವನ್ನು ಆ ಮನೆಯತ್ತ ಮಾಡುತ್ತಾರೆ. ತಾಯಿ ನೋಡಿದವರು ಎದ್ದು ಕೂರುತ್ತಾರೆ ಎಂದು ಊರೆಲ್ಲ ನಂಬಿತ್ತು. ಪಲ್ಲಕ್ಕಿಯ ಮುಂದಾಳು ಎವರಿಸ್ತೋನ ಕೈ ಹಿಡಿದು ಫುವೆನ್ಸಾಂತ ಬೇಡಿಕೊಂಡಿದ್ದಳು. ಅವನು ಆಗಲಿ ಎಂದಿದ್ದ.

ಜೊತೆಗೆ ಉಡಿಸುತ್ತಿದ್ದ ಹಾಸಿಂತ ಎಪ್ಪತ್ತರ ಮುದುಕಿ, ನಾಲಿಗೆ ಮಾತ್ರ ಇಪ್ಪತ್ತರದ್ದು. ಹಳೆಯ ಮುಸುಕು ತೆಗೆದವಳೇ ನಕ್ಕುಬಿಟ್ಟಳು.

"ಲೇ ಫುವೆನ್ಸಾಂತ, ಬಂದು ನೋಡೇ! ಹೊಸ ಮುಡಿಗೆ ಆಗ್ಲೇ ನರೆ ಬಂದಿದೆ. ನಾನೊಬ್ಳೇ ಬಣ್ಣ ಹಚ್ಕೊಂಡು ಒದ್ದಾಡ್ತಿದೀನಿ ಅಂದ್ಕೊಂಡಿದ್ದೆ. ತಾಯಿಗೂ ಒಂದ್ ಡಬ್ಬ ತರ್ಲಾ?"

ಫುವೆನ್ಸಾಂತ ಏಣಿ ಹತ್ತಿದಳು. ಎಡಗಿವಿಯ ಹಿಂದೆ ಒಂದು ಎಳೆ, ಬೆರಳಗಲ, ಬುಡದಿಂದ ಬೆಳ್ಳಗಾಗಿತ್ತು. ಉಳಿದ ಕೂದಲು ಹೆಗಲಿಗೆ ನಿಂತರೆ ಅದೊಂದು ಸೊಂಟಕ್ಕಿಳಿದಿತ್ತು. ಅವಳು ಬುಡಕ್ಕೆ ಬೆರಳು ಒತ್ತಿದಳು. ಮರದ ತಲೆ ಬೆಚ್ಚಗಿತ್ತು.

ಅವಳ ಬಾಯಿಂದ ಗುಂಡುಸೂಜಿಗಳು ಉದುರಿದವು.

"ಏನಾಯ್ತೇ? ಮುಖ ಸುಣ್ಣ ಆಯ್ತಲ್ಲ," ಎಂದಳು ಹಾಸಿಂತ.

"ಅದು ನಮ್ಮಮ್ಮನ ಕೂದ್ಲು ಕಣೇ. ಅವಳಿಗೂ ಎಡಗಿವಿ ಹಿಂದೆ ಹೀಗೇ ನರೆತಿತ್ತು."

ಎಂಟು ವರ್ಷದ ಹಿಂದೆಯೂ ಅರಾಸೆಲಿಗೆ ಹೀಗೇ ಜ್ವರ ಬಂದಿತ್ತು. ಉಳಿಸಿಕೊಟ್ಟರೆ ಅವಳ ಮುಡಿ ಕೊಡುತ್ತೇನೆಂದು ಫುವೆನ್ಸಾಂತ ಹರಕೆ ಹೊತ್ತಳು, ಮಗು ಉಳಿಯಿತು. ಕತ್ತರಿ ಹಿಡಿದು ಹೋದರೆ ಮಗು ಜಡೆಯನ್ನು ಎದೆಗೆ ಅವುಚಿಕೊಂಡು ಅತ್ತಿತು. ಇನ್ನೊಂದು ತಿಂಗಳಿಗೆ ಇಗರ್ಜಿಯಲ್ಲಿ ಮೊದಲ ಪ್ರಸಾದ ಪಡೆಯುವ ದಿನದ ಬಿಳಿ ಲಂಗ ಉಡುವವಳಿದ್ದಳು, ಬೋಳು ತಲೆಯಲ್ಲಿ ಹೇಗೆ ಹೋಗಲಿ ಎಂದಳು. ತಾಯಿಕರುಳು ಕರಗಿತು. ಸತ್ತುಹೋಗಿದ್ದ ಅಮ್ಮ ಕಸಿಲ್ದಳ ಮದುವೆ ಕಾಲದ ಕರಿ ಜಡೆ ಪೆಟ್ಟಿಗೆಯಲ್ಲಿತ್ತು. ಅದನ್ನೇ ಒಯ್ದು ಇಗರ್ಜಿಯ ಹರಕೆ ಕೂದಲಿನ ಪೆಟ್ಟಿಗೆಗೆ ಹಾಕಿದಳು. ಸಾಕಷ್ಟು ಜಡೆ ಸೇರಿದ ಮೇಲೆ ಈ ಚಳಿಗಾಲದಲ್ಲಷ್ಟೇ ಹೊಸ ಮುಡಿ ಹೆಣೆದರು. ಬೂದಿ ಬುಧವಾರ ತಾಯಿಗೆ ತೊಡಿಸಿದರು.

ತಾಯಿಯ ಮುಡಿಗೆ ಬದುಕಿರುವವರ ಕೂದಲೇ ಆಗಬೇಕು. ಮುಡಿ ಕೊಟ್ಟವರ ಕಣ್ಣಿನಿಂದ ತಾಯಿ ಊರನ್ನು ನೋಡುತ್ತಾಳೆ, ಅದಕ್ಕೆ. ಕೊಡಲು ಬಂದವರನ್ನು ನಿಲ್ಲಿಸಿ "ನಿಂದೇನಾ?" ಎಂದು ಕೇಳುವ ಕೆಲಸವೂ ಫುವೆನ್ಸಾಂತಳದ್ದೇ ಆಗಿತ್ತು.

"ಸತ್ತೋರ ಕೂದಲಾ? ನಿನ್ನ ಬುದ್ಧಿಗೆ ಬೆಂಕಿ ಬೀಳ!" ಹಾಸಿಂತ ಎದೆ ಹಿಡಿದುಕೊಂಡಳು. "ಅದೂ ಕಸಿಲ್ದಾದು! ನಾನು ಸಾಯಲ್ಲ, ಈ ಮನೆ ಬಿಡಲ್ಲ ಅಂತ ಮೂರು ದಿನ ಮಂಚದ ಕಂಬಿ ಹಿಡ್ಕೊಂಡು ಕಿರುಚಿದ್ದು ಮರ್ತೋಯ್ತಾ? ಬೆರಳು ಬಿಡಿಸಿದ್ದು ನಾನು ಕಣೇ. ಹೋಗು, ಎವರಿಸ್ತೋಗೆ ಹೇಳು. ನಿಮ್ಮನೆ ಕಡೆ ಪಲ್ಲಕ್ಕಿ ತಿರುಗಿಸ್ಬೇಡ ಅಂತ ಹೇಳು."

"ಯಾಕೆ ಅಂತಾನೆ."

"ಅಂದ್ರೆ ಹೇಳು, ಹೀಗೀಗೆ ಅಂತ!"

"ಊರ ಮುಂದೆ ತಾಯಿಗೆ ಮೋಸ ಮಾಡ್ದೋಳು ಅನ್ನಿಸ್ಕೊಳ್ಳಾ? ನಾಳೆಯಿಂದ ಈ ಬಾಗಿಲೊಳಗೆ ನನ್ನ ಬಿಡ್ತಾರಾ?" ಫುವೆನ್ಸಾಂತ ಏಣಿಯ ಮೇಲೇ ಕೂತಳು. "ತಾಯಿ ನೋಡ್ದೇ ಹೋದ್ರೆ ನನ್ನ ಮಗು ಹೋಗೇಬಿಡುತ್ತೆ. ಆ ಮುಡೀಲಿ ಇನ್ನೂ ಇಪ್ಪತ್ತು ಜನರ ಕೂದ್ಲಿದೆ ಹಾಸಿಂತಾ, ಅವರೂ ನೋಡ್ತಾರಲ್ಲ!"

ಹಳೆಯ ಮುಡಿಯನ್ನು ಬೂದಿ ಬುಧವಾರವೇ ಸುಟ್ಟಾಗಿತ್ತು, ತಾಯಿಗೆ ತೊಡಿಸಿದ ಕೂದಲಿಗೆ ಕತ್ತರಿ ತಾಗಿಸುವಂತಿರಲಿಲ್ಲ. ಫುವೆನ್ಸಾಂತ ಬಿಳಿ ಎಳೆಯನ್ನು ಸುತ್ತಿ, ಮುಸುಕಿನ ಕೆಳಗೆ ಒತ್ತಿ, ಹನ್ನೊಂದು ಸೂಜಿ ಚುಚ್ಚಿದಳು. ಕೊನೆಯದನ್ನು ಚುಚ್ಚುವಾಗ ಎಳೆ ಅವಳ ಬೆರಳಿಗೆ ಸುತ್ತಿಕೊಂಡು ಬಿಗಿಯಿತು. ಬೆರಳನ್ನು ಕಿತ್ತುಕೊಂಡಳು. ಆಮೇಲೆ ಅಗುಳಿ ತೆಗೆದು ಗಂಡಸರನ್ನು ಒಳಗೆ ಬಿಟ್ಟಳು. ಮೆರವಣಿಗೆ ಮುಗಿದು ಮರಳುವತನಕ ಇನ್ನು ಯಾರೂ ತಾಯಿಯನ್ನು ಮುಟ್ಟುವಂತಿರಲಿಲ್ಲ.

ಐದು ಗಂಟೆಗೆ ತಮಟೆಯ ಸದ್ದು ಎದ್ದಿತು. ಫುವೆನ್ಸಾಂತ ಮೇಣದ ಬತ್ತಿ ಹಿಡಿದು ಪಲ್ಲಕ್ಕಿಯ ಹಿಂದೆ ನಡೆದಳು. ಮೂರನೆಯ ಬೀದಿಯಲ್ಲಿ ಗಾಳಿಯಿಲ್ಲದೆ ಮುಸುಕು ಅಲುಗಿತು. ಒಂದು ಸೂಜಿ ಕಲ್ಲುಹಾಸಿನ ಮೇಲೆ ಟಣ್ಣೆಂದು ಬಿತ್ತು. ಇನ್ನೊಂದು. ಅವಳು ಎಣಿಸುತ್ತ ಹೋದಳು. ತನ್ನ ಬೀದಿಯ ತಿರುವಿನಲ್ಲಿ ಹನ್ನೊಂದನೆಯದೂ ಬಿದ್ದಾಗ ಮಾನ, ಮನೆತನ ಯಾವುದೂ ಅವಳ ನೆನಪಿನಲ್ಲಿ ಉಳಿಯಲಿಲ್ಲ.

"ತಿರುಗಿಸ್ಬೇಡಿ! ಎವರಿಸ್ತೋ, ತಿರುಗಿಸ್ಬೇಡಪ್ಪಾ!"

ಜನ ತಾಯಿಯನ್ನು ಕಂಡು ಕೂಗತೊಡಗಿದ್ದರು. "ಚೆಲುವೆ! ಚೆಲುವೆ! ಚೆಲುವೆ!" ಪಲ್ಲಕ್ಕಿಯ ಅಡಿಯಲ್ಲಿ ಬಟ್ಟೆಯ ಮರೆಯಲ್ಲಿದ್ದ ಮೂವತ್ತು ಮಂದಿ ಹೊರುವವರಿಗೆ ಕಾಣುವುದೂ ಇಲ್ಲ, ಮುಂದಾಳು ಪಲ್ಲಕ್ಕಿಗೆ ಬಡಿಯುವ ಸುತ್ತಿಗೆಯ ಸಂಜ್ಞೆ ಬಿಟ್ಟು ಬೇರೇನೂ ಅವರು ಕೇಳಿಸಿಕೊಳ್ಳುವುದೂ ಇಲ್ಲ. ಎವರಿಸ್ತೋ ಗದ್ದಲದಲ್ಲಿ ಮಾತು ಕೇಳಿಸದೆ, ಅವಳ ಅಳುಮುಖ ನೋಡಿ ತಾನೂ ಕಣ್ಣು ಒರೆಸಿಕೊಂಡ.

"ಅಳು ಅಕ್ಕಾ, ಅತ್ತುಬಿಡು. ನಾನ್ ಮಾತು ಕೊಟ್ಟಿದೀನಲ್ಲ," ಎಂದು ಸುತ್ತಿಗೆ ಎತ್ತಿದ.

ಮೂರು ಪೆಟ್ಟು ಬಿತ್ತು. ಪಲ್ಲಕ್ಕಿ ನಿಧಾನವಾಗಿ ತಿರುಗಿತು. ತಾಯಿಯ ಮುಖ ಅವಳ ಮನೆಯ ಮಹಡಿಯ ಕಿಟಕಿಗೆ ನೇರವಾಗಿ ನಿಂತಿತು. ಮುಸುಕಿನ ಅಂಚಿನಿಂದ ಬಿಳಿ ಕೂದಲು ಕೆನ್ನೆಯ ಮೇಲೆ ಇಳಿದಿತ್ತು. ಜನರ ಕೂಗು ತಾನಾಗಿ ನಿಂತಿತು.

ಕಿಟಕಿ ಒಳಗಿನಿಂದ ತೆರೆಯಿತು. ಆರು ವಾರ ತಲೆ ಎತ್ತದಿದ್ದ ಅರಾಸೆಲಿ ಎರಡು ಕಾಲ ಮೇಲೆ ನಿಂತಿದ್ದಳು, ಕೆನ್ನೆಯಲ್ಲಿ ಬಣ್ಣವಿತ್ತು. ಬೀದಿಗೆ ಬೀದಿಯೇ ಮೊಣಕಾಲೂರಿ ಗೋಳೋ ಎಂದು ಅತ್ತಿತು. ಪವಾಡ, ಪವಾಡ ಎಂದಿತು. ಹುಡುಗಿ ಕಿಟಕಿಯ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಬೀದಿಯನ್ನೆಲ್ಲ ಹುಡುಕಿ, ಫುವೆನ್ಸಾಂತಳನ್ನು ಕಂಡು ನಕ್ಕಳು.

"ಅಲ್ಲೇನ್ ನಿಂತಿದೀಯೇ ಮಗಳೇ?" ಎಂದಳು. "ಮೇಲೆ ಬಾ. ನನ್ನ ಮಂಚಕ್ಕೆ ಯಾರನ್ನ ಮಲಗಿಸಿದ್ದೆ ನೀನು?"

ಫುವೆನ್ಸಾಂತಳಿಗೆ ಓಡಿಹೋಗಬೇಕೆನಿಸಿತು. ಆದರೆ ಅಲ್ಲಿ ನಿಂತಿದ್ದುದು ತಾನು ಹೆತ್ತ ಮೈ, ಒಳಗೆಲ್ಲೋ ತನ್ನ ಮಗುವೂ ಇದ್ದೀತು. ಅವಳು ಬತ್ತಿಯನ್ನು ಹಾಸಿಂತಳ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು.