ಸ್ಕಂದನ ಲಾರಿ

ಹಳೆಯ ಆಟಿಕೆ ಲಾರಿಗಳನ್ನು ಕೂಡಿಹಾಕುವ ನಮ್ಮಂಥವರು ಕೇಳುವುದು ಇಷ್ಟೇ: ಯಾವ ಕಾಲದ್ದು, ಚಕ್ರ ನಾಲ್ಕೂ ಇವೆಯೇ, ಅದು ಬಂದ ಡಬ್ಬಿ ಸಿಕ್ಕೀತೇ. ಯಾರು ಆಡುತ್ತಿದ್ದರು ಎಂದು ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಕೆಲಸದಲ್ಲಿರುವ ಗದಗದ ಹಾಲಪ್ಪನಿಗೆ ನನ್ನ ಹುಚ್ಚು ಗೊತ್ತಿತ್ತು. ಅಲ್ಲಿನ ಕನ್ನಡ ಸಂಘದ ಊಟದ ದಿನ ನನ್ನನ್ನು ಪಕ್ಕಕ್ಕೆ ಕರೆದು ಒಂದು ಎರಕದ ಲಾರಿ ಕೊಟ್ಟ. ಪುಟ್ಟ ಮಕ್ಕಳಿಗೆಂದೇ ಮೂಲೆಗಳನ್ನು ಉರುಟು ಮಾಡಿದ್ದ, ಅಂಗೈಯಗಲದ ಹಳದಿ ಲಾರಿ. ಚಿಕ್ಕಂದಿನಲ್ಲಿ ಅವನೇ ಆಡಿದ್ದಂತೆ. "ಮನ್ಯಾಗ ಈಗ ಆಡೋರು ಯಾರೂ ಇಲ್ರೀ ಸರ, ಒಯ್ರಿ" ಎಂದ. ಲಾರಿಯ ಬಾಗಿಲ ಮೇಲೆ ಯಾರೋ ಕೆಂಪು ನೇಲ್ ಪಾಲಿಶ್ ಮೆತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಇಂಥ ವಸ್ತುವನ್ನು ಹೀಗೆ ಹಾಳುಮಾಡುವವರಿಗೆ ಏನು ಹೇಳಬೇಕು!

ತಿರುವನಂತಪುರಕ್ಕೆ ಮರಳಿದ ಮೇಲೆ, ಪಟ್ಟಂ ಬಡಾವಣೆಯ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಕೂತು ಬಣ್ಣ ಕರಗಿಸುವ ಥಿನ್ನರಿನಿಂದ ಅದನ್ನು ಉಜ್ಜಿ ತೆಗೆದೆ. ಹಳದಿಯನ್ನೂ ಕಿತ್ತು ಹೊಸ ಬಣ್ಣ ಹೊಡೆದೆ. ಲಾರಿ ಮದುಮಗನ ಹಾಗೆ ಕಂಡಿತು. ಫೋಟೊ ತೆಗೆದು ಹಾಲಪ್ಪನಿಗೆ ಕಳಿಸಬೇಕೆನ್ನುವಷ್ಟರಲ್ಲಿ ಅವನ ಹೆಂಡತಿ ಮಂದಾಕಿನಿಯ ಫೋನ್ ಬಂತು.

"ಅಣ್ಣಾರ, ಇವ್ರು ನನಗ ಹೇಳದ ಕೊಟ್ಟಾರ ನೋಡ್ರಿ. ನಾ ದಿನಾ ಅದನ್ನ ಹಿಡ್ಕೊಂಡು ಕುಂದರ್ತೀನಂತ ಹಿಂಗ ಮಾಡ್ಯಾರ. ನಮ್ಮ ಮಗ ಸ್ಕಂದ ಹೋದ ವರ್ಷ ಜ್ವರ ಬಂದು ತೀರಕೊಂಡ. ನಾಕ ವರ್ಷದಾಂವ. ನನ್ನ ಪಾಲಿಶ್ ಲಾರಿಗೆ ಬಳದು, ಹಸಿ ಇದ್ದಾಗ ಹೆಬ್ಬೆಟ್ಟ ಒತ್ತಿದ್ದ. ಆ ಗುರ್ತು ಒಂದ ಉಳದೈತ್ರೀ. ವಾಪಸ್ ಕೊಡ್ರಿ."

"ತರ್ತೀನಮ್ಮ" ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಹೇಡಿ ನಾನು.

ವಿಷಯ ಕೇಳಿ ನನ್ನ ಹೆಂಡತಿ ರತ್ನ ತನ್ನ ಕೆಂಪು ಪಾಲಿಶ್ ತಂದು ಮುಂದಿಟ್ಟಳು. "ಬಾಗಿಲಿಗೆ ಸ್ವಲ್ಪ ಹಚ್ಚಿ ತಗೊಂಡು ಹೋಗಿ, ಪಾಪ." ಮುಚ್ಚಳ ತೆಗೆದೆ. ಆದರೆ ಯಾರ ಹೆಬ್ಬೆರಳು ಒತ್ತಲಿ? ಮತ್ತೆ ಮುಚ್ಚಿಟ್ಟೆ.

ಮರುದಿನ ಬೆಳಗಿನ ರೈಲು ಹತ್ತಿದೆ. ಕೊಚ್ಚಿಯ ಎರ್ನಾಕುಲಂ ಸ್ಟೇಷನ್ನಿನವರೆಗೆ ನಾಲ್ಕು ತಾಸು ಮಾತು ಜೋಡಿಸಿಕೊಂಡೆ. ಅವರ ಕ್ವಾರ್ಟರ್ಸ್ ಮುಟ್ಟಿದಾಗ ಒಂದೂ ನೆನಪಾಗಲಿಲ್ಲ. ಲಾರಿಯನ್ನು ಮಂದಾಕಿನಿಯ ಕೈಗಿಟ್ಟು, "ಗೊತ್ತಿರಲಿಲ್ಲಮ್ಮ, ತೊಳೆದುಬಿಟ್ಟೆ" ಎಂದೆ. ಆಕೆ ಅದರ ಪುಟ್ಟ ಬಾಗಿಲ ಮೇಲೆ ಬೆರಳಾಡಿಸಿದಳು. ತಿರುಗಿಸಿ ಆ ಕಡೆಯೂ ನೋಡಿದಳು. ಹಾಲಪ್ಪ ಎದ್ದು ಒಳಗೆ ಹೋದ.

"ತೊಳದ ನೀರು ಎಲ್ಲಿ ಚೆಲ್ಲಿದ್ರಿ?" ಎಂದು ಕೇಳಿದಳು.

"ಬಚ್ಚಲಿಗೆ."

ತಲೆಯಾಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಮೇಲೆ ಲಾರಿಯನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

"ಚಂದ ಆಗೈತಿ, ನೀವ ಇಟ್ಕೋರಿ. ದೂರದಿಂದ ಬಂದೀರಿ, ರೊಟ್ಟಿ ಬಡೀತೀನಿ. ಉಂಡ ಹೋಗ್ರಿ."

ಉಂಡೆ. ಬೇಡ ಎನ್ನುವ ಮುಖ ನನಗಿರಲಿಲ್ಲ.