ಕೂಗಕ್ಕನ ಸೊಂಟದ ಹಗ್ಗ

ಕೂಗಕ್ಕ ಯಾರನ್ನೂ ಕೂಗಿ ಕರೆಯುವುದಿಲ್ಲ. ಬೀದಿಯ ಆ ತುದಿಯಲ್ಲಿರುವವರ ಹತ್ತಿರ ಒಂದು ಮಾತು ಆಡಬೇಕಾದರೂ, ಒಲೆಯ ಮೇಲಿನ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಬಾಗಿಲು ಮುಂದೆ ಮಾಡಿ, ಬೀದಿಯುದ್ದಕ್ಕೂ ನಡೆದು ಹೋಗಿ, ಅವರ ಮೊಣಕೈಯನ್ನು ಬೆರಳ ತುದಿಯಿಂದ ಮುಟ್ಟಿ, ಆಮೇಲೆ ಪಿಸುಗುಟ್ಟುತ್ತಾಳೆ. ಹಾಲು ಉಕ್ಕುತ್ತಿದ್ದರೂ ಅಷ್ಟೆ, ಒಣಹಾಕಿದ ಮೀನಿಗೆ ಬೆಕ್ಕು ಬಾಯಿ ಹಾಕಿದ್ದರೂ ಅಷ್ಟೆ. ಕೋಳಿಗಳನ್ನು ಕೂಡ ಕರೆಯುವುದಿಲ್ಲ. ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾಳೆ, ಅವು ಬರುತ್ತವೆ. ಮಾತು ಮುಗಿಸುವಾಗ ಮಾತ್ರ, ನಿಮ್ಮ ಕಿವಿಯ ಪಕ್ಕದಲ್ಲೇ ನಿಂತಿದ್ದರೂ, ನೀವು ಹತ್ತು ಅಲೆಗಳ ಆಚೆ ಇರುವಂತೆ "ಕೇಳಿಸ್ತಾ?" ಎಂದು ಕೇಳದೆ ಬಿಡುವುದಿಲ್ಲ. ಊರಿನ ಮಕ್ಕಳಿಗೆ ಇದೊಂದು ಒಗಟು. ಇಷ್ಟು ಮೆಲ್ಲಗೆ ಮಾತಾಡುವವಳಿಗೆ ಕೂಗಕ್ಕ ಎಂದು ಹೆಸರಿಟ್ಟವರು ಯಾರೋ ಕಿವುಡರೇ ಇರಬೇಕೆಂದು ಅವು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡಿವೆ.

ಎಷ್ಟೋ ವರ್ಷಗಳ ಮೇಲೆ ನಾದಿನಿ, ಎಂದರೆ ಕೂಗಕ್ಕನ ಗಂಡನ ತಂಗಿ, ಬಸ್ಸಿನಿಂದ ಇಳಿದ ಮಧ್ಯಾಹ್ನವೂ ಹಾಗೆಯೇ ಆಯಿತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅವಳು ಹುಡುಗಿಯಾಗಿದ್ದಾಗ ಹೆಜ್ಜೆ ಇಡಲು ಜಾಗವಿಲ್ಲದಂತೆ ಬಲೆ ಹರಡಿರುತ್ತಿದ್ದ ಕಟ್ಟೆಗಳ ಮೇಲೆ ಈಗ ಮರಳು ಕೂತಿತ್ತು. ಸಾಲಿನಲ್ಲಿ ಅರ್ಧ ಮನೆಗಳಿಗೆ ಬೀಗ, ಬೀಗಕ್ಕೆ ತುಕ್ಕು. ದಡದಲ್ಲಿ ಮಗುಚಿ ಹಾಕಿದ್ದ ದೋಣಿಯೊಂದರ ಹೊಟ್ಟೆಯಿಂದ ಹುಲ್ಲು ಎದ್ದಿತ್ತು. ದೂರದ ತಿರುವಿನಲ್ಲಿ ಒಬ್ಬಳು ಮುದುಕಿ, ಗಂಡಸರು ತೊಡುವ, ಮೇಣ ಬಳಿದ ಹಳೆಯ ಕೋಟು ಹಾಕಿಕೊಂಡು, ಇವಳನ್ನೇ ನೋಡುತ್ತಾ ನಿಂತಿದ್ದಳು. ಕೈ ಬೀಸಲಿಲ್ಲ, ಬಾಯಿ ತೆರೆಯಲಿಲ್ಲ. ಒಂದು ಕೈಯಲ್ಲಿ ಬೆನ್ನ ಹಿಂದೆ ಏನನ್ನೋ ಹಿಡಿದುಕೊಂಡಿರುವಂತೆ, ಯಾರೋ ಹಿಂದಿನಿಂದ ಎಳೆಯುತ್ತಿರುವಂತೆ ಸ್ವಲ್ಪ ಓರೆಯಾಗಿ ನಡೆಯುತ್ತಾ ಬೀದಿಯನ್ನೆಲ್ಲ ದಾಟಿ ಬಂದಳು. ಬಂದು, ನಾದಿನಿಯ ಮೊಣಕೈ ಮುಟ್ಟಿದಳು.

"ಬಂದ್ಯಾ? ಸಣ್ಣಗಾಗಿದ್ದೀಯ. ಕೇಳಿಸ್ತಾ?"

ಆ ಕೋಟು ಅಣ್ಣನದು. ಸೊಂಟದ ಸುತ್ತ ಮೇಣವೆಲ್ಲ ಹೋಗಿ, ಬಟ್ಟೆ ಉಜ್ಜಿ ಉಜ್ಜಿ ಎತ್ತಿನ ಕೊರಳಿನಂತೆ ಹೊಳೆಯುತ್ತಿತ್ತು. ಹಗ್ಗದ ಗುರುತು ಅದು.

ನಾದಿನಿ ಬಂದದ್ದು ಆ ಹಗ್ಗ ಬಿಡಿಸಲಿಕ್ಕೇ. ಹಿಂದಿನ ತಿಂಗಳು ಬಲೆಯಜ್ಜ ಫೋನು ಮಾಡಿದ್ದ. ಊರಿನಲ್ಲಿ ಬಲೆ ಹೊಲಿಯುವವನು ಅವನೊಬ್ಬನೇ ಉಳಿದಿದ್ದಾನೆ. "ನಿಮ್ಮತ್ತಿಗೆ ಮಂಜಿನಲ್ಲಿ ಕಲ್ಲಿನಿಂದ ಜಾರಿದ್ಲು ಕಣಮ್ಮ. ಹಗ್ಗದಲ್ಲಿ ನೇತಾಡ್ತಿದ್ಲು. ಅಲೆ ಬಂದು ಬಂದು ಹೊಡೀತಿದೆ, ಇವಳು ಕೂಗಬಾರದಾ? ಊಹೂಂ. ನಾನು ಹೆಂಗೋ ಆ ಕಡೆ ಹೋದೆ ಅಂತ ಆಯ್ತು. ಬಂದು ಕರ್ಕೊಂಡು ಹೋಗು. ಇಲ್ಲಾಂದ್ರೆ ಆ ಹಗ್ಗಾನೇ ಇವಳನ್ನ ತಿನ್ನುತ್ತೆ."

ಕಲ್ಲಿನ ಕಥೆ ಹೇಳದೆ ಕೂಗಕ್ಕನ ಕಥೆ ಹೇಳಲಾಗದು. ಆ ಊರಿನ ಮುಂದೆ ಸಮುದ್ರದಲ್ಲಿ ಬಂಡೆಗಳ ಸಾಲು ಇದೆ, ಮುರಿದ ಹಲ್ಲಿನ ದವಡೆಯ ಹಾಗೆ. ನಡುವೆ ಒಂದು ದೋಣಿ ನುಸುಳುವಷ್ಟು ಕಂಡಿ. ಆ ಕಂಡಿಗೆ ನೇರವಾಗಿ ದಡದಲ್ಲೊಂದು ಕರಿಯ ಕಲ್ಲು. ಮಂಜು ಬಿದ್ದ ದಿನ ಒಬ್ಬರು ಆ ಕಲ್ಲಿನ ಮೇಲೆ ನಿಂತು ಕೂಗುತ್ತಿರಬೇಕು. ಮಂಜಿನೊಳಗಿನ ದೋಣಿಗಳು ಕಣ್ಣನ್ನು ನಂಬದೆ ಕಿವಿಯನ್ನೇ ನಂಬಿ, ಆ ಕೂಗಿನ ಕಡೆಗೇ ಮೂತಿ ಮಾಡಿ ಹುಟ್ಟು ಹಾಕಿದರೆ ಬಂಡೆ ತಪ್ಪಿಸಿ ಕಂಡಿಯೊಳಗೆ ಬಂದು ಬೀಳುತ್ತವೆ. ನಿಯಮ ಎರಡೇ. ಕಲ್ಲು ಬಿಟ್ಟು ಕದಲಬಾರದು. ಸಮುದ್ರದಿಂದ ಯಾರು ಓಗೊಟ್ಟರೂ ಅದಕ್ಕೆ ಕಿವಿ ಕೊಡಬಾರದು, ಏಕೆಂದರೆ ಮಂಜಿನಲ್ಲಿ ದನಿ ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ, ಓಗೊಟ್ಟ ಕಡೆಗೆ ಕಾಲು ತಾನಾಗಿಯೇ ಹೋಗುತ್ತದೆ.

ಮೊದಲು ಕೂಗುತ್ತಿದ್ದವಳು ನಾದಿನಿಯ ತಾಯಿ. ಗಂಟಲು ಸೋಲತೊಡಗಿದಾಗ ಮಗನಿಗೆ ಹೆಣ್ಣು ಹುಡುಕಿದಳು. ಹೆಣ್ಣು ನೋಡಲು ಹೋದವಳು ಹುಡುಗಿಯ ಮುಖ ನೋಡಲಿಲ್ಲವಂತೆ. ಮನೆಯ ಹಿಂದೆ ನಿಂತು, ಅವಳು ಕೋಳಿಗಳನ್ನು ಗೂಡಿಗೆ ಕರೆಯುವುದನ್ನು ಕೇಳಿಸಿಕೊಂಡು, ನೆಟ್ಟಗೆ ಅಂಗಳಕ್ಕೆ ಬಂದು "ಈ ಗಂಟಲು ನಮ್ಮನೆಗೆ ಬೇಕು" ಎಂದಳಂತೆ. ಅಣ್ಣ ಇದನ್ನು ಹೇಳಿಕೊಂಡು ನಗುತ್ತಿದ್ದ. "ನಮ್ಮಮ್ಮ ಗಂಟಲು ತಂದ್ಲು, ಅದರ ಜೊತೆಗೆ ಹೆಂಡ್ತಿ ಬಂದ್ಲು. ಅವತ್ತಿಂದ ಒಂದು ಕಿವಿ ಮುಚ್ಕೊಂಡೇ ಸಂಸಾರ ಮಾಡ್ತಿದೀನಿ." ಆಗ ಅವಳು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದಳು. ಉಪ್ಪು ಬೇಕೆಂದರೆ ಮೂರು ಮನೆಯವರು ಉಪ್ಪು ತರುತ್ತಿದ್ದರು. ಗಂಡಹೆಂಡಿರ ಜಗಳದ ತೀರ್ಪನ್ನು ಊರೇ ಕೊಡುತ್ತಿತ್ತು. ಮಂಜಿನ ದಿನ ಆ ದನಿ ಕಲ್ಲಿನ ಮೇಲಿಂದ ಎದ್ದರೆ ಅದರಲ್ಲಿ ಬಿರುಸು ಇರುತ್ತಿರಲಿಲ್ಲ, ಒಂದು ಬಗೆಯ ಅಗಲ ಇರುತ್ತಿತ್ತು. ಹೊದಿಕೆ ಬಿಚ್ಚಿ ಹಾಸಿದಂತೆ ನೀರಿನ ಮೇಲೆ ಹರಡಿಕೊಂಡು ಹೋಗುತ್ತಿತ್ತು. ಆ ದನಿಯೊಳಗೆ ದೋಣಿ ಬಂದು ಸೇರಿತೆಂದರೆ ಮನೆಯೊಳಗೆ ಬಂದಂತೆಯೇ ಎಂದು ಮೀನುಗಾರರು ಹೇಳುತ್ತಿದ್ದರು.

ಅಣ್ಣ ಸತ್ತದ್ದೂ ಮಂಜಿನಲ್ಲೇ. ಉಳಿದ ದೋಣಿಗಳೆಲ್ಲ ಕಂಡಿ ದಾಟಿ ಬಂದಿದ್ದವು, ಅವನದೊಂದು ಬಾಕಿ. ಅತ್ತಿಗೆ ಕಲ್ಲಿನ ಮೇಲೆ, ನಾದಿನಿ ಲಾಂದ್ರ ಹಿಡಿದು ಅವಳ ಹಿಂದೆ. ಕೂಗಿ ಕೂಗಿ ಹೊತ್ತು ಕಳೆದ ಮೇಲೆ ಎಡಗಡೆಯಿಂದ ಅಣ್ಣನ "ಓ" ಕೇಳಿಸಿತು. ಅತ್ತಿಗೆ ಇನ್ನೊಮ್ಮೆ ಕೂಗಿದಳು, ಇನ್ನೊಂದು "ಓ". ಆಮೇಲೆ ನಾದಿನಿಯ ಕಣ್ಣೆದುರಿಗೇ ಅವಳು, ನಿದ್ದೆಯಲ್ಲಿ ನಡೆಯುವವರ ಹಾಗೆ, ಕೂಗುತ್ತಲೇ ಕಲ್ಲಿನಿಂದ ಇಳಿದು, ಎಡಕ್ಕೆ ವಾಲಿದ ಮರಳಿನಲ್ಲಿ ನೀರಿನ ಕಡೆಗೆ ನಡೆದಳು. ಅವನು ಅವಳ ದನಿಯ ಕಡೆಗೆ ಬಂದ, ಅವಳು ಅವನ ದನಿಯ ಕಡೆಗೆ ಹೋದಳು. ನಡುವೆ ಬಂಡೆ ಇತ್ತು.

ದೋಣಿ ಒಡೆದದ್ದಕ್ಕೆ ಬಲೆಯಜ್ಜ ಎಲ್ಲರಿಗಿಂತ ಮೊದಲು ಕಾರಣ ಹೇಳಿದ: "ಸೆಳೆತ. ಸೆಳೆತಾನೇ ಎಳ್ಕೊಂಡು ಹೋಯ್ತು." ಊರೆಲ್ಲ ಸೆಳೆತ ಎಂದಿತು. ಭರತವೂ ಇಳಿತವೂ ಇಲ್ಲದೆ ನೀರು ನಿಂತ ಹೊತ್ತು ಅದು. ಆ ಹೊತ್ತಿನಲ್ಲಿ ಸೆಳೆತವಿರುವುದಿಲ್ಲವೆಂದು ಅಲ್ಲಿನ ಕೈಗೂಸಿಗೂ ಗೊತ್ತು. ಆದರೂ ಅವಳ ಮೇಲೆ ಕನಿಕರವಿತ್ತು. ಅದಕ್ಕಿಂತ ಹೆಚ್ಚಾಗಿ, ನಾಳೆ ಮಂಜು ಬಿದ್ದರೆ ಕೂಗುವವರು ಬೇಕಿತ್ತು. ಮಗನನ್ನು ಕಳೆದುಕೊಂಡ ತಾಯಿಯೂ ಸೊಸೆಯ ತಟ್ಟೆಗೆ ಅನ್ನ ಹಾಕುತ್ತಾ "ಸೆಳೆತ, ಯಾರೇನು ಮಾಡೋಕಾಗುತ್ತೆ" ಎಂದಳು, ಸಾಯುವವರೆಗೂ ಅದನ್ನೇ ಅಂದಳು. ಮುಂದಿನ ಮಂಜಿಗೆ ಕೂಗಕ್ಕ ಗಂಡನ ಕೋಟು ತೊಟ್ಟು, ಅವನ ಲಂಗರಿನ ಹಗ್ಗದ ಒಂದು ತುದಿಯನ್ನು ಕಲ್ಲಿನ ಕಬ್ಬಿಣದ ಬಳೆಗೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದುಕೊಂಡು ನಿಂತಳು. "ಗಾಳಿ ಜೋರಿದೆ, ಅದಕ್ಕೆ" ಎಂದಳು. ಮಂಜಿರುವಾಗ ಗಾಳಿ ಎಲ್ಲಿಯದು? ಅದನ್ನೂ ಯಾರೂ ಕೇಳಲಿಲ್ಲ. ಅವರ ಸೆಳೆತಕ್ಕೂ ಅವಳ ಗಾಳಿಗೂ ಸರಿಹೋಯಿತು.

ಅಂದಿನಿಂದ ಅವಳ ದನಿ ಮಂಜಿಗೆ ಮಾತ್ರ ಮೀಸಲಾಯಿತು. ನಾದಿನಿ, ಸಮುದ್ರ ಕಾಣದ ಊರಿಗೇ ಕೊಡಿ ಎಂದು ಹಟ ಹಿಡಿದು, ಗುಡ್ಡಗಳ ನಡುವಿನ ಪೇಟೆಗೆ ಮದುವೆಯಾಗಿ ಹೋದಳು. ಅತ್ತಿಗೆ ಊರಿನವರ ಮಾತನ್ನು ನಂಬಿ ನೆಮ್ಮದಿಯಾಗಿದ್ದಾಳೆ, ಕಂಡದ್ದನ್ನು ತಾನು ಆಡದಿದ್ದರೆ ಸಾಕು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ದೋಣಿಗಳಿಗೆ ಇಂಜಿನ್ ಬಂತು, ದಾರಿ ತೋರಿಸುವ ಯಂತ್ರ ಬಂತು, ಕಡಲ ಕಟ್ಟೆಯ ಮೇಲೆ, ಮಂಜು ಬಿದ್ದಾಗಲೆಲ್ಲ ಎಮ್ಮೆಯಂತೆ ಗೋಳಿಡುವ ದೊಡ್ಡ ಕಹಳೆಯೊಂದು ಬಂತು. ಕೂಗಕ್ಕನ ಗಂಟಲು ಆ ಹೊತ್ತಿಗೆ ಹರಿದುಹೋಗಿತ್ತು. ಆದರೂ ಮಂಜು ಬಿದ್ದರೆ ಕಲ್ಲು, ಕೋಟು, ಹಗ್ಗ ತಪ್ಪಲಿಲ್ಲ, ನಿಂತು ಪಿಸುಗುಟ್ಟುತ್ತಿರುತ್ತಾಳೆ. "ಯಾರಿಗೆ ಕೇಳುತ್ತೆ ಕೂಗಕ್ಕ?" ಎಂದು ಬಲೆಯಜ್ಜ ರೇಗಿಸಿದರೆ, "ನಿನಗೆ ಕೇಳಿಸ್ತಲ್ಲ, ಮುದಿಯಾ" ಎನ್ನುತ್ತಾಳೆ.

ನಾದಿನಿ ಊಟ ಮಾಡುತ್ತಾ ಬಂದ ವಿಷಯ ತೆಗೆದಳು. "ನಮ್ಮನೇಲಿ ನಿನಗೆ ಒಂದು ಕೋಣೆ ಖಾಲಿ ಮಾಡಿಸಿದೀನಿ ಅತ್ತಿಗೆ. ಕಿಟಕಿ ಇದೆ."

"ಕಿಟಕಿಯಿಂದ ಏನು ಕಾಣುತ್ತೆ?"

"ಗುಡ್ಡ."

"ಗುಡ್ಡದ ಹತ್ತಿರ ನಾನೇನು ಮಾತಾಡ್ಲಿ? ಇನ್ನೊಂದು ಸ್ವಲ್ಪ ಹಾಕ್ಕೋ. ಕೇಳಿಸ್ತಾ?"

ಬೆಳಗ್ಗೆ ಮೊಣಕೈ ಮುಟ್ಟಿದಂತಾಗಿ ನಾದಿನಿಗೆ ಎಚ್ಚರವಾಯಿತು. ಅತ್ತಿಗೆ ಕೋಟು ತೊಟ್ಟು ನಿಂತಿದ್ದಳು. ಕಿಟಕಿಯಾಚೆ ಬೆಳಕು ಬಂದಿತ್ತು, ಆದರೆ ಎದುರುಮನೆ ಇರಲಿಲ್ಲ. ನಾದಿನಿ ಹಿಂದೆ ಹೋದಳು, ಈ ಸಲ ಲಾಂದ್ರವಿಲ್ಲದೆ. ಕಹಳೆ ಗೋಳಿಡುತ್ತಿತ್ತು. ಅತ್ತಿಗೆ ಕಲ್ಲು ಹತ್ತಿ, ಹಗ್ಗವನ್ನು ಬಳೆಯೊಳಗೆ ತೂರಿಸಿ, ಮುದಿ ಬೆರಳುಗಳಿಂದ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದಳು, ಗಂಟು ಕೂರಲೊಲ್ಲದು. ಹಗ್ಗದ ಸಡಿಲ ತುದಿ ಅಲುಗಾಡದೆ ನೆಟ್ಟಗೆ ಜೋತುಬಿದ್ದಿತ್ತು. ಅದನ್ನು ನೋಡುತ್ತಿದ್ದ ನಾದಿನಿಯ ಬಾಯಿಂದ ಮಾತು ಜಾರಿತು:

"ಗಾಳಿ ಇಲ್ವಲ್ಲ ಅತ್ತಿಗೆ."

ಅತ್ತಿಗೆಯ ಕೈ ನಿಂತಿತು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಅವತ್ತು ಸೆಳೆತಾನೂ ಇರ್ಲಿಲ್ಲ. ಅಲ್ವಾ?" ಎಂದಳು ಅತ್ತಿಗೆ.

ನಾದಿನಿ ಇಲ್ಲಿ ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಸಾಕಿತ್ತು. ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿ ಇಟ್ಟಿತ್ತು. ಆದರೆ ಅತ್ತಿಗೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ. ನೀರು ಕೇಳಿದವರು ಚೊಂಬನ್ನೇ ನೋಡುವ ಹಾಗೆ ಇವಳ ಬಾಯಿಯನ್ನೇ ನೋಡುತ್ತಿದ್ದಳು.

"ಇರ್ಲಿಲ್ಲ."

"ನೀನು ನನ್ನ ಹಿಂದೇನೇ ಇದ್ದೆ. ಎಲ್ಲೀವರೆಗೂ ಹೋಗಿದ್ದೆ ನಾನು? ಎಲ್ರನ್ನೂ ಕೇಳ್ಬೇಕು ಅಂದ್ಕೊಂಡೆ. ಬಾಯಿ ತೆಗೆದ್ರೆ ಸಾಕು, ಸೆಳೆತ ಸೆಳೆತ ಅಂತ ನನ್ನ ಬಾಯಿಗೆ ಬಟ್ಟೆ ತುರುಕೋರು. ನಿಮ್ಮಮ್ಮ ಒಂದು ಸಲ ಬೈದಿದ್ರೆ ಕಾಲು ಹಿಡ್ಕೊಂಡು ಅಳ್ತಿದ್ದೆ. ಅನ್ನ ಬಡಿಸಿದ್ಲು."

"ನೀನು ಎಡಗಡೆ ಇಳಿದೆ. ಓಡ್ಲಿಲ್ಲ, ನಡೆದೆ. ನೀರೊಳಗೆ ಹೋದೆ," ನಾದಿನಿ ಆ ಮರಳಿನ ಕಡೆ ಕೈ ತೋರಿಸಿದಳು, "ಮೊಣಕಾಲಿನವರೆಗೂ."

"ಮೊಣಕಾಲಾ?" ಅತ್ತಿಗೆ ಬಗ್ಗಿ ತನ್ನ ಮೊಣಕಾಲನ್ನು, ಅದು ಯಾರದೋ ಎಂಬಂತೆ, ಮುಟ್ಟಿ ನೋಡಿಕೊಂಡಳು. "ಬರೀ ಮೊಣಕಾಲಾ? ನನಗೆ ಕನಸಲ್ಲೆಲ್ಲಾ ಎದೆವರೆಗೂ ನೀರು."

ಆಮೇಲೆ ಅವಳು ಕೂರದ ಆ ಗಂಟನ್ನು ಬಿಟ್ಟುಬಿಟ್ಟಳು. ಹಗ್ಗ ಕಾಲ ಬಳಿ ಸುತ್ತಿಕೊಂಡು ಬಿತ್ತು. ನಾದಿನಿಯ ಮೊಣಕೈ ಹಿಡಿದು ಕಲ್ಲಿಳಿದು, ಎಡಗಡೆಯ ಮರಳಿನಲ್ಲಿ ನಡೆದು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಳು. ಅಲ್ಲಿ ನಿಂತು ಅವಳು ಅತ್ತಳೇ ಇಲ್ಲವೇ, ಕಹಳೆಯ ಗೋಳಿನಲ್ಲಿ ಅದು ಗೊತ್ತಾಗಲಿಲ್ಲ. ಕೋಟಿನ ಅಂಚು ಮಾತ್ರ ನೀರಿನ ಮೇಲೆ ತೇಲುತ್ತಿತ್ತು.

ಮಂಜು ಕರಗಿದ ಮೇಲೆ ನಾದಿನಿ ಒಬ್ಬಳೇ ಹೊರಟಳು. ಕೋಣೆಯ ಮಾತು ಮತ್ತೆ ಬರಲಿಲ್ಲ. ಅತ್ತಿಗೆ ಹಗ್ಗವನ್ನು ಕಳಚಿ, ಒದ್ದೆಯಾಗಿಯೇ ಸುರುಳಿ ಸುತ್ತಿ, ಅವಳ ಚೀಲದೊಳಗೆ ತುರುಕಿದಳು. "ನಿಮ್ಮಣ್ಣನ ಹಗ್ಗ. ಗುಡ್ಡದೂರಲ್ಲಿ ಬಟ್ಟೆ ಒಣಗಿಸೋಕೆ ಆಗುತ್ತೆ," ಎಂದು ಬಾಗಿಲಲ್ಲೇ ನಿಂತಳು. ನಾದಿನಿ ಬೀದಿಯುದ್ದಕ್ಕೂ ನಡೆದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಹಿಂದಿನಿಂದ ಒಂದು ದನಿ ಬಂತು. ಹರಿದ, ಬಿರುಕು ಬಿಟ್ಟ, ತೇಪೆಯ ಮೇಲೆ ತೇಪೆ ಹಾಕಿದ ದನಿ, ಆದರೂ ಅದೇ ಹಳೆಯ ಅಗಲ.

"ಏ ಹುಡುಗೀ... ಜೋಪಾನ... ಕೇಳಿಸ್ತಾ?"

ಮಕ್ಕಳು ಆಟ ಬಿಟ್ಟು ಬೆಚ್ಚಿ ತಿರುಗಿದವು. ಬಲೆಯಜ್ಜನ ಸೂಜಿ ಕೈಯಲ್ಲೇ ನಿಂತಿತು. ನಾದಿನಿಗೆ "ಓ" ಎನ್ನಬೇಕೆಂದು ಬಾಯಿವರೆಗೂ ಬಂದಿತ್ತು; ಓಗೊಟ್ಟರೆ ಆ ಮುದಿ ಕಾಲುಗಳು ಬಾಗಿಲು ಬಿಟ್ಟು ಇಳಿದು ಬಂದಾವೆಂದು, ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಕೂತಳು.

ದಡದಲ್ಲಿ ನಿಂತು ಇತರರನ್ನು ದಡ ಸೇರಿಸುವ ಜನರು ಎಲ್ಲ ಕಡೆಯೂ ಇದ್ದಾರೆ. ಅವರಿಂದ ನಾವು ಬಯಸುವುದು ಸಣ್ಣದೆಂದು ಕಾಣುತ್ತದೆ: ಕೂಗುತ್ತಿರು, ಕದಲಬೇಡ. ತಮ್ಮವರ ದನಿ ಕೇಳಿದಾಗಲೂ ಕದಲದವರು ಕಲ್ಲೇ ಆಗಿರಬೇಕು. ಹಾಗೆ ಕಲ್ಲಾದವರ ಕೂಗಿನಲ್ಲಿ ಯಾವ ದೋಣಿಗೂ ಮನೆಯ ನೆನಪು ಬರಲಾರದು. ಆದ್ದರಿಂದ ಇಂಥವರು ಒಂದಲ್ಲ ಒಂದು ದಿನ ಇಳಿಯುತ್ತಾರೆ. ಆಗ ನಾವು ಒಳ್ಳೆಯವರಾಗಿ, ಏನೂ ಆಗಲಿಲ್ಲವೆಂದು ಹೇಳಿ, ಅವರನ್ನು ಎದೆಮಟ್ಟದ ನೀರಿನಲ್ಲಿ ಒಂಟಿಯಾಗಿ ಬಿಟ್ಟು ಮನೆಗೆ ಹೋಗುತ್ತೇವೆ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಹೇಳಲು ಒಬ್ಬರಾದರೂ ಹಿಂದಿರುಗಿ ಬರುವವರೆಗೆ ಅವರು ಅಲ್ಲೇ ನಿಂತಿರುತ್ತಾರೆ.